ಉಪ್ಪಿನ ಡಬ್ಬಿಯ ಕೆಳಗಿನ ಕಾಗದ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಅಡುಗೆಮನೆಯ ಹಲಗೆಯತ್ತ ಓಡುತ್ತದೆ. ಡಬ್ಬಿಗಳನ್ನು ನೋಡುವುದಿಲ್ಲ, ಡಬ್ಬಿಗಳ ಕೆಳಗೆ ಹಾಸಿದ ಕಾಗದವನ್ನು ನೋಡುತ್ತೇನೆ. ಅದರ ಮೇಲೆ ಅಕ್ಷರವಿದ್ದರೆ ಕುತ್ತಿಗೆ ಡೊಂಕು ಮಾಡಿಯಾದರೂ ಓದುತ್ತೇನೆ. ಪರರ ಅಡುಗೆಮನೆಯಲ್ಲಿ ಇಣುಕುವುದು ಮರ್ಯಾದಸ್ಥ ಗಂಡಸಿನ ಕೆಲಸವಲ್ಲ ಎಂದು ನನ್ನ ಹೆಂಡತಿ ಬೀಗರ ಮನೆಗೆ ನನ್ನನ್ನು ಕರೆದೊಯ್ಯುವುದನ್ನೇ ಬಿಟ್ಟಿದ್ದಾಳೆ. ಈ ಚಟ ಹೇಗೆ ಹತ್ತಿತು ಎಂದು ಹೇಳಹೊರಟರೆ ನನ್ನದೊಂದು ಹೇಡಿತನವನ್ನೂ ಹೇಳಬೇಕಾಗುತ್ತದೆ. ಹೇಳಿಯೇಬಿಡುತ್ತೇನೆ. ಅರ್ಧಕ್ಕೆ ನಿಲ್ಲಿಸುವ ನನ್ನ ಸ್ವಭಾವವನ್ನು ಇವತ್ತು ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ವಾಡಿಯ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಇಷ್ಟು ಹೇಳಿದ ಕೂಡಲೇ ಜನ ಕುರ್ಚಿ ಸರಿಸಿ ಕೂರಿಸುತ್ತಾರೆ. ನಿಜ ಹೇಳಬೇಕೆಂದರೆ ನಾನು ಚಿತ್ತಾಪುರದಲ್ಲಿ ಏಳನೆಯ ಇಯತ್ತೆ ಮುಗಿಸಿ, ಎಂಟನೆಯದರ ಬಾಗಿಲಲ್ಲಿ ನಿಂತು ನೋಡಿ ಹಿಂದಿರುಗಿದವನು. ಕಾರ್ಖಾನೆಗೆ ಕಂಪ್ಯೂಟರಿಗಿಂತ ಮೊದಲು ಅದರ ತಂಪಿನ ಯಂತ್ರ ಬಂತು. ಆ ಯಂತ್ರದಿಂದ ತೊಟ್ಟಿಕ್ಕುವ ನೀರನ್ನು ಹೊರಗೆ ಚೆಲ್ಲಲು ಒಬ್ಬ ಆಳು ಬೇಕಾಯಿತು. ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ನಮ್ಮಣ್ಣ ಹಣಮಂತ, ಕಂಪ್ಯೂಟರ್ ಸಾಹೇಬರ ಮುಂದೆ ನಿಂತು, "ನಮ್ಮ ತಮ್ಮ ಅದಾನ್ರಿ. ಓದಿಲ್ಲ ಖರೆ, ಆದ್ರ ಹೇಳಿದ್ದು ಕೇಳ್ತಾನ್ರಿ" ಎಂದ. ಆ ಒಂದು ಮಾತಿನ ಮೇಲೆ ನಾನು ಬಕೆಟ್ ಹಿಡಿದು ಒಳಗೆ ಹೋದೆ. ಬಕೆಟ್ಟಿನಿಂದ ಅಚ್ಚಿನ ಕಾಗದಕ್ಕೆ, ಕಾಗದದಿಂದ ಟೇಪಿಗೆ ಬಡ್ತಿಯಾಗಲು ಬಹಳ ಕಾಲ ಬೇಕಾಗಲಿಲ್ಲ. ಓದಿದವರು ಯಾರೂ ಆ ಚಳಿಯಲ್ಲಿ ಕೂರಲು ಒಪ್ಪುತ್ತಿರಲಿಲ್ಲ.

ನನ್ನ ಕೆಲಸದಲ್ಲಿ ಬುದ್ಧಿಗಿಂತ ಹಟ ಜಾಸ್ತಿ ಬೇಕು. ಚಪ್ಪಲಿ ಹೊರಗೆ ಬಿಡಬೇಕು, ಸಿಮೆಂಟಿನ ಧೂಳಿನ ಕಾಲನ್ನು ಗೋಣಿಚೀಲಕ್ಕೆ ತಿಕ್ಕಬೇಕು. ಖೋಲಿ ತಂಪಾದ ಮೇಲೆಯೇ ಯಂತ್ರ ಚಾಲೂ ಮಾಡಬೇಕು. ಅದರ ಹೊಟ್ಟೆಯಲ್ಲಿ ಜಾಗ ಎಷ್ಟು ಉಳಿದಿದೆ ನೋಡಿ, ತುಂಬಿದ್ದರೆ ಹಳೆಯದನ್ನು ಅಳಿಸಬೇಕು. ಸಂಜೆ ಎಲ್ಲ ಖಾತೆಗಳಿಗೂ ಫೋನು ಮಾಡಿ, "ಹೊರಗ ಬರ್ರಿ, ಎಲ್ಲಾರೂ ಹೊರಗ ಬರ್ರಿ" ಎಂದು ಕೂಗಬೇಕು. ಯಾರಾದರೂ ಯಂತ್ರದ ಲೆಕ್ಕ ತೆರೆದುಕೊಂಡು ಒಳಗಿದ್ದರೆ ನಕಲು ಸರಿಯಾಗಿ ಬರುವುದಿಲ್ಲ. ಸ್ಟೋರಿನ ಗುಮಾಸ್ತರಂತೂ ತಾವು ಮನೆಗೆ ಹೋದರೂ ತಮ್ಮನ್ನು ಯಂತ್ರದಲ್ಲಿಯೇ ಬಿಟ್ಟುಹೋಗುತ್ತಿದ್ದರು. ಅವರ ಪಾಸ್‌ವರ್ಡು ಅವರ ಹೆಂಡತಿಯ ಹೆಸರು. ನಮ್ಮ ಕಡೆ ಹಳೆಯ ಮಂದಿ ಹೆಂಡತಿಯ ಹೆಸರನ್ನು ನಾಲ್ಕು ಜನರ ಮುಂದೆ ಹೇಳುವುದಿಲ್ಲವಾದ್ದರಿಂದ ಅಷ್ಟು ಭದ್ರವಾದ ಪಾಸ್‌ವರ್ಡು ಬೊಂಬಾಯಿಯ ಹೆಡ್ ಆಫೀಸಿನಲ್ಲೂ ಇದ್ದಿರಲಿಕ್ಕಿಲ್ಲ. ಒಮ್ಮೆ ಅವರು ರಜೆಯಲ್ಲಿದ್ದಾಗ ಫೋನಿನಲ್ಲಿ ಕೇಳಿದೆ. "ಬಾಜೂಕ ನಮ್ಮ ಅಪ್ಪಾರು ಕುಂತಾರಪ್ಪ, ಹ್ಯಾಂಗ ಹೇಳ್ಲಿ?" ಎಂದು ಫೋನು ಇಟ್ಟರು.

ದಿನದ ಕೊನೆಯ ಕೆಲಸ ಟೇಪಿಗೆ ನಕಲು ತೆಗೆಯುವುದು. ಯಂತ್ರದೊಳಗೆ ಲೆಕ್ಕ ಹಿಡಿದಿಡುವ ತಟ್ಟೆ ಎಂದಾದರೂ ಕೆಟ್ಟರೆ ಟೇಪಿನಿಂದ ಮತ್ತೆ ತುಂಬಬಹುದು. ಇವತ್ತಿನ ನಕಲಿಗೆ ಮಗ, ಅದರ ಹಿಂದಿನದಕ್ಕೆ ಅಪ್ಪ, ಅದಕ್ಕೂ ಹಿಂದಿನದಕ್ಕೆ ಅಜ್ಜ ಎಂದು ಹೆಸರು. ಇದನ್ನು ನಾನು ಹುಟ್ಟಿಸಿದ್ದಲ್ಲ, ಈ ಕಸುಬಿನವರೇ ಹಾಗೆ ಕರೆಯುತ್ತಾರಂತೆ. ಅಜ್ಜ, ಅಪ್ಪ, ಮಗ ಎಂದೂ ಒಂದೇ ಜಾಗದಲ್ಲಿ ಕೂಡಿ ಇರಬಾರದು ಎಂಬುದು ಸಾಹೇಬರ ಕಟ್ಟಪ್ಪಣೆ. ಮಗ ಖೋಲಿಯಲ್ಲಿ, ಅಪ್ಪ ಆಫೀಸಿನಲ್ಲಿ, ಅಜ್ಜ ದೂರದ ಗೇಟಿನ ಹತ್ತಿರದ ಕಬ್ಬಿಣದ ಕಪಾಟಿನಲ್ಲಿ. ಮೂರು ತಲೆಮಾರು ಒಂದೇ ಖೋಲಿಯಲ್ಲಿ ಕಾಲು ಚಾಚದೆ ಮಲಗಿ ಬೆಳೆದ ನನಗೆ ಇದು ಬಹಳ ನಗೆ ತರಿಸುತ್ತಿತ್ತು.

ಸೇಡಮ್ಮಿನ ಕಡೆ ಹೋದರೆ ಗುಡಿಯ ಅಂಗಳದಲ್ಲಿ ಹಳೆಯ ಶಾಸನದ ಕಲ್ಲುಗಳು ಕಾಣುತ್ತವೆ. ಹಿಂದಿನ ರಾಜರು ಕೊಟ್ಟ ಹೊಲ, ಬಿಟ್ಟ ತೋಟ ಎಲ್ಲವೂ ಕಲ್ಲಿನ ಮೇಲಿವೆ. ದನ ಮೈ ತಿಕ್ಕಿದರೂ, ಮಕ್ಕಳು ಹತ್ತಿ ಕುಣಿದರೂ ಅಕ್ಷರ ಹೋಗಿಲ್ಲ. ಅದೇ ಸೀಮೆಯ ಕಲ್ಲನ್ನು ಪುಡಿಮಾಡಿ ಸಿಮೆಂಟು ಮಾಡುವ ನಾವು ಮಾತ್ರ ನಮ್ಮ ಲೆಕ್ಕವನ್ನು ತೆಳ್ಳನೆಯ ಟೇಪಿನ ಮೇಲೆ ಬರೆದೆವು. ಲೋಹಚುಂಬಕ ತಾಗಿದರೆ ಅದು ಎಲ್ಲವನ್ನೂ ಮರೆಯುತ್ತದೆ. ಸಾಹೇಬರು ನನಗೆ ಮೊದಲ ದಿನವೇ ಇದನ್ನು ಹೇಳಿದ್ದರು. ನನಗೆ ಗೊತ್ತಿತ್ತು. ಇದನ್ನು ನೆನಪಿಡಿ.

ದಸರೆಯ ಖಂಡೆಪೂಜೆ ಬಂತು. ನಮ್ಮಲ್ಲಿ ಆ ದಿನ ಉಪಕರಣಗಳನ್ನು ತೊಳೆದು, ಕುಂಕುಮ ಹಚ್ಚಿ, ಹೂವು ಏರಿಸಿ ಸುಮ್ಮನೆ ಕೂರಿಸುತ್ತಾರೆ. ಬನ್ನಿ ಕೊಡುವ ದಿನ ಮುಗಿಯುವವರೆಗೆ ಮುಟ್ಟುವುದಿಲ್ಲ. ಕಾರ್ಖಾನೆಯಲ್ಲೆಲ್ಲ ಧೂಳಿಲ್ಲದ ಖೋಲಿ ನಮ್ಮದೊಂದೇ ಆದ್ದರಿಂದ ಆ ಸಲ ಎಲ್ಲರೂ ಪೂಜೆಗೆ ಇಲ್ಲಿಗೇ ಬಂದರು. ನನಗೂ ಹುರುಪು. ಯಂತ್ರಕ್ಕೆ ಪೂಜೆಯಾದರೆ ಟೇಪುಗಳಿಗೆ ಏಕಿಲ್ಲ? ಹಬ್ಬದ ದಿನ ಅಜ್ಜ ಒಬ್ಬನೇ ಗೇಟಿನ ಹತ್ತಿರ ಕೂರಬೇಕೇ? ಮೂವರನ್ನೂ ತಂದು ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟು ಚೆಂಡುಹೂವು ಮುಡಿಸಿದೆ. ಅಷ್ಟರಲ್ಲಿ ಅಣ್ಣ ತನ್ನ ಉಪಕರಣ ಹೊತ್ತು ಬಂದ. ಕಲ್ಲಿನ ಬೆಲ್ಟಿನ ಮೇಲೆ ಬರುವ ಬೋಲ್ಟು, ಮೊಳೆಗಳನ್ನು ಎತ್ತಿ ತೆಗೆಯುವ ದೊಡ್ಡ ಲೋಹಚುಂಬಕ. ಎಣ್ಣೆ ಹಚ್ಚಿ ಮಿರಿಮಿರಿ ಮಾಡಿದ್ದ.

"ಎಲ್ಲಿಡ್ಲೋ ತಮ್ಮಾ? ಜಾಗಾನೇ ಇಲ್ಲಲ್ಲೋ."

"ಅಲ್ಲೇ ಟೇಪಿನ ಮ್ಯಾಲ ಇಡಣ್ಣ. ಗಟ್ಟಿ ಕುಂದರ್ತದ."

ಹೀಗೆ ಹೇಳಿದವನು ನಾನು. ಚುಂಬಕವೆಂದರೇನು ಎಂದು ಗೊತ್ತಿದ್ದವನು. ಆದರೆ ಆ ದಿನ ಅದು ನನಗೆ ಚುಂಬಕವಾಗಿ ಕಾಣಲಿಲ್ಲ. ಹಣೆಗೆ ಕುಂಕುಮ ಇಟ್ಟುಕೊಂಡ ದೇವರಾಗಿ ಕಂಡಿತು. ಹಬ್ಬ ಮುಗಿಯುವವರೆಗೂ ದೇವರು ಅಲ್ಲಿಯೇ ಕೂತಿತ್ತು.

ಹಬ್ಬ ಕಳೆದು ಯಂತ್ರ ಚಾಲೂ ಮಾಡಿದರೆ ಒಳಗಿನಿಂದ ಬೋಗುಣಿಯಲ್ಲಿ ಹರಳು ಅಲುಗಿಸಿದ ಸಪ್ಪಳ. ತಟ್ಟೆ ಕೆಟ್ಟಿತ್ತು. ಹೊಸ ತಟ್ಟೆ ತರಿಸಿ ಹಾಕಿ, ಮಗನನ್ನು ಏರಿಸಿದೆವು, ಓದಲಿಲ್ಲ. ಅಪ್ಪ ಓದಲಿಲ್ಲ. ಅಜ್ಜನೂ ಬಾಯಿ ಬಿಡಲಿಲ್ಲ. ಕಾರ್ಖಾನೆಯ ಸ್ಟೋರಿನ ಸಾಮಾನೆಲ್ಲ, ಯಾವುದು ಯಾವ ಕಪಾಟಿನಲ್ಲಿದೆ, ಯಾವ ಯಂತ್ರಕ್ಕೆ ಯಾವ ಬೇರಿಂಗು ಎಂಬುದೆಲ್ಲ ಅವರೊಳಗಿತ್ತು. ಸಾಹೇಬರಿಗೆ ಹೂವಿನ ನಡುವಿನ ಚುಂಬಕ ಈಗ ನೆನಪಾಯಿತು. ಅಣ್ಣನನ್ನು ಕರೆಸಿದರು.

"ಟೇಪಿನ ಮೇಲೆ ಇದನ್ನು ಇಟ್ಟವರು ಯಾರು?"

"ನಾನೇ ಇಟ್ಟೀನ್ರಿ" ಎಂದ ಅಣ್ಣ.

ನಿಜವೇ. ಇಟ್ಟ ಕೈ ಅವನದು. ಅದರ ಮುಂದೆ ಇನ್ನೊಂದು ಮಾತು ಇತ್ತು. ಅದನ್ನು ಅವನು ಹೇಳಲಿಲ್ಲ. ನನ್ನತ್ತ ತಿರುಗಿಯೂ ನೋಡಲಿಲ್ಲ. ನಾನು ತಂಪಿನ ಯಂತ್ರದ ಬಕೆಟ್ಟು ತುಂಬಿದೆಯೇ ಎಂದು ಬಗ್ಗಿ ನೋಡಿದೆ. ಅದು ಖಾಲಿ ಇತ್ತು. ಹೆಡ್ ಆಫೀಸಿನಿಂದ ತೀರ್ಮಾನ ಬರುವವರೆಗೆ ಗೇಟಿನ ಒಳಗೆ ಬರಬೇಡ ಎಂದು ಅಣ್ಣನಿಗೆ ಹೇಳಿ ಕಳಿಸಿದರು. ತೀರ್ಮಾನ ಏನಾಗುವುದೆಂದು ಎಲ್ಲರಿಗೂ ಗೊತ್ತಿತ್ತು.

ಮರುದಿನ ಶಹಾಬಾದದ ಅಣ್ಣನ ಮನೆಗೆ ಹೋದೆ. ಎಲ್ಲವನ್ನೂ ಹೇಳಬೇಕೆಂದೇ ಹೋಗಿದ್ದು. ಅಣ್ಣ ಮನೆಯಲ್ಲಿರಲಿಲ್ಲ. ಅಣ್ಣನ ಹೆಂಡತಿ, ನಮ್ಮ ವೈನಿ, ಚಹಾ ತಂದಿಟ್ಟರು. ಮುಖ ನೋಡಲಾಗದೆ ಅವರ ಹಿಂದಿನ ಹಲಗೆ ನೋಡಿದೆ. ಉಪ್ಪಿನ ಡಬ್ಬಿಯ ಕೆಳಗಿನ ಉದ್ದನೆಯ ಪಟ್ಟೆಪಟ್ಟೆ ಕಾಗದದ ಅಂಚಿನಲ್ಲಿ ಸಾಲು ತೂತು. ನಮ್ಮ ಕಂಪ್ಯೂಟರಿನದೇ ಕಾಗದ! ಅದರ ಮೇಲೆ ಬೇರಿಂಗುಗಳ ಯಾದಿ, ಕಪಾಟಿನ ನಂಬರ್ ಸಮೇತ. ಹಳೆಯದಾದ ಅಚ್ಚಿನ ಕಾಗದವನ್ನು ಕೇಳಿದವರಿಗೆಲ್ಲ ಹಂಚಿ ಊರಿನಲ್ಲಿ ದೊಡ್ಡ ಮನುಷ್ಯನಾಗಿದ್ದವನು ನಾನೇ. ಟೇಪು ಮರೆತದ್ದು ಜನರ ಹಲಗೆಯ ಮೇಲೆ ಇತ್ತು! ಚಹಾ ಅಲ್ಲೇ ಬಿಟ್ಟು ಎದ್ದೆ. ವೈನಿಯನ್ನು ಮಾತ್ರ ಕಾಗದ ಕೇಳಲಿಲ್ಲ. ಕೇಳಿದರೆ ಏಕೆ ಎನ್ನುತ್ತಿದ್ದರು. ಏಕೆ ಎಂದು ಹೇಳಲು ನನ್ನ ನಾಲಿಗೆ ತಯಾರಿರಲಿಲ್ಲ.

ಹಂಚಿದ ಕಾಗದ ಕೂಡಿಸಿ ಲೆಕ್ಕ ಮತ್ತೆ ತುಂಬುತ್ತೇನೆ ಎಂದ ನನ್ನ ಮಾತು ಕೇಳಿ ಸಾಹೇಬರು ಮೊದಲು ನಕ್ಕರು, ಆಮೇಲೆ ಯೋಚಿಸಿದರು. "ಎಲ್ಲಾ ಮತ್ತೆ ತುಂಬಿದರೆ, ನಷ್ಟವಾಗಿಲ್ಲ ಎಂದು ನಾನೇ ಬರೆಯುತ್ತೇನೆ. ಆಗ ನಿಮ್ಮಣ್ಣ ಒಳಗೆ ಬರಲಿ" ಎಂದರು.

ಆಮೇಲೆ ನನಗೆ ಹುಚ್ಚು ಹಿಡಿಯಿತು ಎಂದೇ ಊರವರು ತಿಳಿದರು. ಚೀಲ ಹೆಗಲಿಗೆ ಹಾಕಿ ವಾಡಿ, ಚಿತ್ತಾಪುರ, ಶಹಾಬಾದ ತಿರುಗಿದೆ. ಶಾಲೆಯ ಮಕ್ಕಳ ಪುಸ್ತಕದ ರಟ್ಟು ಬಿಚ್ಚಿಸಿ, ಬದಲಿಗೆ ಹೊಸ ಖಾಕಿ ಕಾಗದ ಹಾಕಿಕೊಟ್ಟೆ. ದರ್ಜಿಯೊಬ್ಬರು ಶೇರವಾನಿಯ ಅಳತೆಗೆ ಕತ್ತರಿಸಿದ ಕಾಗದದಲ್ಲಿ ನಟ್ಟು ಬೋಲ್ಟುಗಳು ತೋಳು, ಕಾಲರ್ ಎಂದು ಹಂಚಿಹೋಗಿದ್ದವು, ಜೋಡಿಸಿದೆ. ಕ್ಯಾಂಟೀನಿನ ಖಾಜಾ ಭಾಯಿ ಗಲ್ಲೆಯ ಹಿಂದೆ ಕಟ್ಟು ಕಟ್ಟಿ ಇಟ್ಟಿದ್ದರು.

"ಎಲ್ಲಾ ಒಯ್ದ್ರ ಭಜಿ ಎದ್ರಾಗ ಕಟ್ಲಿ ಮಿಯಾ, ನಿನ್ನ ಟೋಪಿಗ್ಯಾಗ?"

"ಬ್ಯಾರೆ ಕಾಗದ ತಂದ್ಕೊಡ್ತೀನಿ ಭಾಯಿ."

"ಆ ಎಣ್ಣಿದ್ದದ್ದೂ ಒಯ್ತಿ?"

"ಅದ್ರಾಗೇ ಅಕ್ಷರ ಚಂದ ಕಾಣಾಕತ್ತಾವ."

ದಿನವೂ ಕೆಲಸ ಮುಗಿದ ಮೇಲೆ ಕೂತು ಒಂದೊಂದೇ ಸಾಲು ಯಂತ್ರಕ್ಕೆ ಬಡಿದೆ. ಸ್ಟೋರಿನ ಗುಮಾಸ್ತರು ಕಪಾಟಿನ ಮುಂದೆ ನಿಂತು, ಇದೆ, ಇಲ್ಲ ಎಂದು ತಾಳೆ ನೋಡಿದರು. ಹೊಸ ಟೇಪಿಗೆ ನಕಲು ತೆಗೆದು, ಅಷ್ಟಕ್ಕೇ ಏಳದೆ ಮತ್ತೆ ಓದಿಸಿ ನೋಡಿದೆ. ನಕಲು ತೆಗೆದಿದ್ದೇನೆ ಎನ್ನುವುದಕ್ಕೂ ನಕಲು ಇದೆ ಎನ್ನುವುದಕ್ಕೂ ನಡುವೆ ಎಷ್ಟು ದೂರವಿದೆ ಎಂದು ಆ ಚೀಲ ಹೊತ್ತ ಹೆಗಲಿಗೆ ಗೊತ್ತಾಗಿತ್ತು. ಕೊನೆಗೆ ಎಲ್ಲ ತುಂಬಿತು. ಬೇರಿಂಗು ಮಾತ್ರ ಉಳಿಯಿತು. ಬೇರಿಂಗಿನ ಯಾದಿ ಎಲ್ಲಿದೆ ಎಂದು ಜಗತ್ತಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಹೋದೆ. ಅಣ್ಣ ಹೊರಗೆ ಹಾಸುಗಲ್ಲಿನ ಮೇಲೆ ಕೂತು ಯಾರದೋ ಸೈಕಲ್ಲಿನ ಚೈನು ರಿಪೇರಿ ಮಾಡುತ್ತಿದ್ದ. ಒಳಗೆ ಹೋಗಿ ಹಲಗೆ ನೋಡಿದೆ. ಡಬ್ಬಿಗಳೆಲ್ಲ ಬರಿ ಹಲಗೆಯ ಮೇಲೆ ಇದ್ದವು. ಕಾಗದವಿರಲಿಲ್ಲ. ನನ್ನ ಜೀವ ಹಾರಿಹೋಯಿತು.

"ವೈನಿ, ಚುಂಬಕ ಟೇಪಿನ ಮ್ಯಾಲ ಇಡು ಅಂತ ಹೇಳಿದಾಂವ ನಾನೇ ರೀ. ಅಣ್ಣಂದು ತಪ್ಪಿಲ್ಲ. ನಾ ಸುಮ್ನ ನಿಂತೆ" ಎಂದುಬಿಟ್ಟೆ.

ವೈನಿ ಟ್ರಂಕು ತೆರೆದು ಸುರುಳಿ ಸುತ್ತಿ ದಾರ ಕಟ್ಟಿದ ಕಾಗದವನ್ನು ತೆಗೆದು ನನ್ನ ಮುಂದೆ ಇಟ್ಟರು. "ನೀ ಊರೆಲ್ಲಾ ಕಾಗದ ಕೇಳ್ಕೊಂತ ಹೊಂಟಾಗೇ ತೆಗ್ದಿಟ್ಟೀನಿ. ಎಂದು ಬರ್ತಿ ಅಂತ ನೋಡಾಕತ್ತಿದ್ದೆ."

"ನಿಮಗ ಅಣ್ಣ ಹೇಳಿದ್ನೇನ್ರಿ?"

"ಅವರೆಲ್ಲಿ ಹೇಳ್ತಾರ! ಅವತ್ತು ಚಹಾ ಬಿಟ್ಟು ಓಡಿದ್ಯಲ್ಲ, ಸಕ್ಕರಿ ಜಾಸ್ತಿ ಹಾಕಿದ್ದೆ. ಹಂಗ ಬಿಟ್ಟು ಓಡಾಂವ ಅಲ್ಲ ನೀ."

ಹೊರಗಿನಿಂದ ಅಣ್ಣ ಕೂಗಿದ: "ಕಾಗದ ಸಿಕ್ತೇನೋ? ಸಿಕ್ರ ಈ ಚೈನ್ ಹಿಡ್ಯಾಕ ಬಾ. ಓದಿಲ್ಲ ಖರೆ, ಹೇಳಿದ್ದು ಕೇಳ್ತಾನ ಅಂತ ಹೇಳೀನಿ ಸಾಹೇಬ್ರಿಗೆ."

ಮರುದಿನ ಬೇರಿಂಗು ತುಂಬಿ ಮುಗಿಸಿ, ಸಾಹೇಬರಿಗೂ ಹೇಳಿದೆ. ನನ್ನನ್ನು ಬೇಕಾದರೆ ಬಕೆಟ್ಟಿಗೆ ಮರಳಿ ಹಾಕಿರಿ ಎಂದೆ. ಖಂಡೆಪೂಜೆಯ ದಿನ ಅವರೂ ಬೂಟು ಬಿಚ್ಚಿ ಬಂದು, ಚುಂಬಕ ಹೊತ್ತ ಆ ಟೇಪುಗಳಿಗೆ ಕೈಮುಗಿದು ಕೊಬ್ಬರಿ ತಿಂದು ಹೋಗಿದ್ದರು. "ಹೋಗು, ನಿಮ್ಮಣ್ಣನನ್ನು ಕರೆದುಕೊಂಡು ಬಾ" ಎಂದರು.

ಈಗ ಖಂಡೆಪೂಜೆಗೆ ಅಣ್ಣನ ಚುಂಬಕ ವರ್ಕ್‌ಶಾಪಿನಲ್ಲಿಯೇ ಕೂರುತ್ತದೆ. ಅಜ್ಜನಿಗೆ ನಾನೇ ಗೇಟಿನ ಹತ್ತಿರ ಹೋಗಿ ಒಂದು ಹೂವು ಇಟ್ಟು ಬರುತ್ತೇನೆ. ದಿನವೂ ನಕಲು ತೆಗೆಯುತ್ತೇನೆ, ಓದಿಸಿ ನೋಡುತ್ತೇನೆ, ಆಮೇಲೆಯೇ ಚಪ್ಪಲಿ ಮೆಟ್ಟುತ್ತೇನೆ. ಹಳೆಯ ಕಾಗದವನ್ನು ಯಾರಿಗೂ ಕೊಡಬಾರದು ಎಂದು ಹೊಸ ಕಾಯಿದೆಯಾಗಿದೆ. ಸಾಹೇಬರ ಅಪ್ಪಣೆ ಕೇಳಿ ಒಬ್ಬರಿಗೆ ಮಾತ್ರ ಕೊಡುತ್ತೇನೆ. ಒಂದು ನಕಲು ಕಾರ್ಖಾನೆಯ ಗೋಡೆಯಾಚೆ ಇರಬೇಕೆಂದು ಈ ಕಸುಬಿನ ದೊಡ್ಡವರೂ ಹೇಳುತ್ತಾರಂತೆ. ನಮ್ಮದು ಶಹಾಬಾದದಲ್ಲಿ, ಉಪ್ಪಿನ ಡಬ್ಬಿಯ ಕೆಳಗೆ ಇದೆ. ನಾನು ಹೋದಾಗಲೆಲ್ಲ ವೈನಿ ಡಬ್ಬಿ ಸರಿಸುತ್ತಾರೆ.

"ಮೊದಲ ಓದು" ಎನ್ನುತ್ತಾರೆ, "ಚಹಾ ಆಮ್ಯಾಲ."