ಕಲ್ಲಿಟ್ಟ ಸಗಣಿ

ಮಧ್ಯಾಹ್ನ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದೆ. ಪಕ್ಕದ ಮನೆಯ ರುದ್ರಮ್ಮ ಒಂದು ಮಂಕರಿ ಒಣಸಗಣಿ ಹೊತ್ತು ತಂದು ನಮ್ಮ ಜಗಲಿಯ ಮೇಲೆ ಇಳಿಸಿದಳು.

"ಮಂಡಿ ನೋವು ಅಂತಿದ್ರಲ್ಲಕ್ಕಾ. ನೀವು ಕಲ್ಲಿಟ್ಟಿದ್ದನ್ನೆಲ್ಲ ನಾನೇ ಆರಿಸ್ಕೊಂಡ್ ಬಂದ್ಬಿಟ್ಟೆ."

ಜರಡಿ ಅಲ್ಲೇ ಬಿಟ್ಟು ಎದ್ದು ಬಂದೆ.

ವಿಷಯ ಇಷ್ಟು. ವರ್ಷಕ್ಕಾಗುವ ವಿಭೂತಿಯನ್ನು ನಾವು ಮನೆಯಲ್ಲೇ ಸುಟ್ಟು ಮಾಡಿಕೊಳ್ಳುವವರು. ಅದಕ್ಕೆ ಎಮ್ಮೆದೊಡ್ಡಿ ಕಾವಲಿನ ಹುಲ್ಲುಗಾವಲಿನಲ್ಲಿ ಅಮೃತಮಹಲ್ ದನಗಳು ಹಾಕಿದ, ತಾನಾಗಿ ಒಣಗಿದ ಸಗಣಿಯೇ ಬೇಕು. (ಕೊಟ್ಟಿಗೆಯದು ಆಗದೇ? ಆಗುತ್ತದೆ. ಅತ್ತೆಯವರಿಗೆ ಆಗುವುದಿಲ್ಲ.) ಕಂಡವರು ಅದರ ಮೇಲೊಂದು ಕಲ್ಲಿಟ್ಟರೆ ಅದು ಅವರದು. ಬೇರೆಯವರು ಮುಟ್ಟುವುದಿಲ್ಲ. ಇದಕ್ಕೆ ಖಾತೆ ಬೇಡ, ಅಮಲ್ದಾರರೂ ಬೇಡ.

ಹೋದ ಸೋಮವಾರ ಒಬ್ಬಳೇ ಹೋಗಿದ್ದೆ. ಹುಲ್ಲೆಲ್ಲ ಒಣಗಿ, ಮುತ್ತುಗ ಮಾತ್ರ ಕೆಂಪಗೆ ಹೂಬಿಟ್ಟಿತ್ತು. ಟಿಟ್ಟಿಭ ಹಕ್ಕಿಯೊಂದು ತಲೆಯ ಮೇಲೆ ಸುತ್ತಿ ಸುತ್ತಿ ಅರಚತೊಡಗಿತು. ಬಗ್ಗಿ ನೋಡಿದರೆ, ಸಗಣಿಗಳ ನಡುವೆ ಬರೀ ನೆಲದ ಮೇಲೆ ನಾಲ್ಕು ಮೊಟ್ಟೆ. ಮಣ್ಣಿನದೇ ಬಣ್ಣ.

ನಮ್ಮ ಹಿತ್ತಲ ದಾಸವಾಳದಲ್ಲಿ ಗೂಡು ಕಟ್ಟಿದ ಸೂರಕ್ಕಿಯನ್ನಾದರೆ ಪಾತ್ರೆ ತಿಕ್ಕುತ್ತಲೇ ಕಾಯುತ್ತೇನೆ. ಬಯಲಲ್ಲಿ ಮೊಟ್ಟೆಯಿಡುವ ಇದನ್ನು ಯಾರು ಕಾಯಬೇಕು? ರೇಡಿಯೋದಲ್ಲಿ ಹುಲಿ ಉಳಿಸಿ ಅನ್ನುತ್ತಾರೆ. ಹುಲಿಗೆ ಸರ್ಕಾರವಿದೆ. ಟಿಟ್ಟಿಭಕ್ಕೆ?

ಸುತ್ತಲಿನ ಸಗಣಿಯ ಮೇಲೆಲ್ಲ ಕಲ್ಲಿಟ್ಟೆ. ಇನ್ನು ಆರಿಸುವವರು ಅತ್ತ ಬಂದು ತುಳಿಯುವುದಿಲ್ಲವಲ್ಲ! ರುದ್ರಮ್ಮನಿಗೂ ಮುತ್ತುಗದ ಮರದ ಹತ್ತಿರದ್ದು ನನ್ನದೆಂದು ಹೇಳಿದೆ. ಮೊಟ್ಟೆಯ ಸುದ್ದಿ ಮಾತ್ರ ಹೇಳಲಿಲ್ಲ. ಊರಿನ ಮಕ್ಕಳ ಕಿವಿಗೆ ಬಿದ್ದರೆ ಕಥೆ ಮುಗಿಯಿತು.

ನನ್ನ ಜಾಣತನ ನೋಡಿ. ಕಲ್ಲು ಕಂಡರೆ ಪರರು ದೂರ ಹೋಗುತ್ತಾರೆ, ಬೇಕಾದವರು ಹತ್ತಿರ ಬರುತ್ತಾರೆ ಎಂಬುದು ಹೊಳೆಯಲೇ ಇಲ್ಲ.

ಅಲ್ಲಿ ಏನಾದರೂ ಕಂಡೆಯಾ ಎಂದು ರುದ್ರಮ್ಮನನ್ನು ಮೆಲ್ಲಗೆ ಕೇಳಿದೆ.

"ಒಂದ್ ಹಕ್ಕಿ ತಲೆ ತಿಂತಿತ್ತು ಕಣಕ್ಕಾ. ಅಷ್ಟೇಯ."

ಅವಳು ಮನೆಗೆ ಹೋದ ಮೇಲೆ ಅದೇ ಮಂಕರಿ ತಲೆಯ ಮೇಲೆ ಹೊತ್ತು ಕಾವಲಿಗೆ ನಡೆದೆ. ಬಿಸಿಲು. ಮಂಡಿ ಹೆಜ್ಜೆಗೊಂದು ಮಾತಾಡುತ್ತಿತ್ತು. ಕಾವಲುಗಾರ ನಿಂತು ನೋಡಿದ.

"ಏನಮ್ಮಾ, ಎಲ್ಲಾರೂ ಹೊತ್ಕೊಂಡ್ ಹೋಯ್ತಾರೆ. ನೀವು ಹೊತ್ಕೊಂಡ್ ಬತ್ತಿದ್ದೀರಲ್ಲ?"

ಏನು ಹೇಳಲಿ? ಹರಕೆ ಎಂದೆ. ಅವನು ಕೈಮುಗಿದ.

ಮೂರು ಮೊಟ್ಟೆ ಹಾಗೇ ಇದ್ದವು. ನಾಲ್ಕನೆಯದು ಒಡೆದು ಮಣ್ಣಿಗಂಟಿತ್ತು. ಪಕ್ಕದಲ್ಲಿ ಹಿಮ್ಮಡಿಯ ಗುರುತು. ಸಗಣಿಯನ್ನು ಮೊದಲಿದ್ದ ಹಾಗೆ ಸುತ್ತ ಹರಡಿ ಕಲ್ಲಿಟ್ಟು, ದೂರ ಹೋಗಿ ಕುಳಿತೆ. ಎಷ್ಟೋ ಹೊತ್ತಿನ ಮೇಲೆ ಹಕ್ಕಿ ಇಳಿಯಿತು. ನಾಲ್ಕು ಹೆಜ್ಜೆ ಓಡಿ ನಿಂತಿತು, ಮತ್ತೆ ಓಡಿತು. ಕೊನೆಗೆ ಮೊಟ್ಟೆಗಳ ಮೇಲೆ ಕೂತಿತು. ಶಿವನೇ, ಮೂರನ್ನಾದರೂ ಉಳಿಸಿದೆಯಲ್ಲ ಎಂದುಕೊಂಡು ಎದ್ದೆ.

ಮನೆ ಸೇರುವಷ್ಟರಲ್ಲಿ ಸಾಕುಸಾಕಾಗಿತ್ತು. ಗೋಡೆಯಾಚೆಯಿಂದ ರುದ್ರಮ್ಮ, ನಾಳೆ ಇನ್ನೊಂದು ಮಂಕರಿ ತರಲೇ ಎಂದಳು. ಬೇಡ ಕಣೇ, ಬೇಕಾದಷ್ಟಾಯ್ತು ಎಂದೆ. ಒಡೆದ ಮೊಟ್ಟೆಯ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು.

ಒಳಗೆ ಹೋಗಿ ಸೊಪ್ಪು ಬಿಡಿಸಲು ಕೂತೆ. ನನ್ನ ನೋವಿಗೆಂದು ಬಿಸಿಲಲ್ಲಿ ನಡೆದ ಅವಳ ಪಾದಕ್ಕೆ ಯಾವ ಬಾಯಲ್ಲಿ ತಪ್ಪು ಹೊರಿಸಲಿ?