ಗುರುವಾರದ ಆಟದ ಪೀರಿಯಡ್

ನಮ್ಮ ಪಿ.ಟಿ. ಮೇಡಂ ಅವರ ಹಣೆಗೆ ಎರಡು ಬಣ್ಣ. ಟೋಪಿ ಕೂರುವ ಗೆರೆಯಿಂದ ಮೇಲೆ ಗೋಧಿ, ಕೆಳಗೆ ಆಂಡರ್ಸನ್‌ಪೇಟೆಯ ಶಾಲಾ ಮೈದಾನದ ಬಿಸಿಲು ಬಳಿದ ತಾಮ್ರ. ಅವರು ಟೋಪಿ ತೆಗೆದಾಗಲೆಲ್ಲ ನಾವು ಹುಡುಗಿಯರು ಮುಸಿಮುಸಿ ನಗುತ್ತಿದ್ದೆವು.

"ನಗ್ರೇ, ನಗ್ರೇ. ನಿಮ್ಮ ಮೊಕಕ್ಕೂ ಒಸಿ ಬಿಸ್ಲು ಬೀಳ್ಲಿ, ಆಮೇಲೆ ನೋಡಾಣ."

ನಾನು ಹತ್ತನೆಯ ತರಗತಿಗೆ ಬಂದ ವರ್ಷ ನಮ್ಮ ಮುಖಗಳಿಗೆ ಬಿಸಿಲೇ ಬೀಳುತ್ತಿರಲಿಲ್ಲ. ವೇಳಾಪಟ್ಟಿಯಲ್ಲಿ ಗುರುವಾರದ ಕೊನೆಯ ಪೀರಿಯಡ್ ಆಟಕ್ಕೆಂದಿತ್ತು. ಅದನ್ನು ಗಣಿತಕ್ಕೆ ಕೊಡಲಾಗಿತ್ತು. ಕೊಟ್ಟವರು ಯಾರು, ಯಾರನ್ನು ಕೇಳಿ ಕೊಟ್ಟರು ಎಂದು ಒಬ್ಬರೂ ಪ್ರಶ್ನಿಸಲಿಲ್ಲ. ಕಾರ್ಖಾನೆಯ ಕೆಲಸಕ್ಕೆಂದು ಹಾವೇರಿಯಿಂದ ಬಂದಿದ್ದ ಅಪ್ಪ ನನ್ನನ್ನು ಬಂಗಾರಪೇಟೆಯ ಟ್ಯೂಷನ್ನಿಗೆ ಸೇರಿಸಿದ್ದರು. ನಸುಕಿನ ರೈಲಿಗೆ ಖಾಲಿ ಹೊಟ್ಟೆಯಲ್ಲಿ ಹೊರಟು, ಬೇಕರಿಯ ಪಫ್ಸು, ಟೀಗಳಲ್ಲಿ ದಿನ ತಳ್ಳುತ್ತಿದ್ದೆ. ಚಳಿಗಾಲದ ಹೊತ್ತಿಗೆ ನಿದ್ದೆ ಹೋಗಿತ್ತು. ಕಾರಣವಿಲ್ಲದೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಒಂದಕ್ಷರವೂ ನೆನಪಾಗದೆ, ಖಾಲಿ ಹಾಳೆಯನ್ನೇ ಕೊಟ್ಟು ಬಂದೆ. ಇನ್ನೊಂದು ಟ್ಯೂಷನ್ ಸೇರು ಎಂಬುದು ಎಲ್ಲರ ಪರಿಹಾರ. ನನಗೋ, ಹುಚ್ಚು ಹಿಡಿಯುತ್ತಿದೆಯೆಂಬ ಭಯ.

ಮರುದಿನ ಟ್ಯೂಷನ್ ಮುಗಿಸಿ ಹಿಂದಿರುಗುವಾಗ, ಬಂಗಾರಪೇಟೆಯಿಂದಲೇ ಶಾಲೆಗೆ ಬರುತ್ತಿದ್ದ ಮೇಡಂ ರೈಲಿನಲ್ಲಿ ನನ್ನೆದುರು ಬಂದು ಕೂತರು. ಅಂಕಗಳ ಮಾತೆತ್ತಲಿಲ್ಲ.

"ಲೇ, ಬೆಳಿಗ್ಗೆ ಏನ್ ತಿಂದೆ?"

ಆ ವರ್ಷ ಹಾಗೆ ಕೇಳಿದವರು ಅವರೊಬ್ಬರೇ. ಏನೂ ಇಲ್ಲವೆಂದು ತಲೆಯಾಡಿಸಿದೆ. ಡಬ್ಬಿ ತೆರೆದು, ಅವರೆಕಾಳಿನ ರಾಗಿ ರೊಟ್ಟಿ ಮುರಿದು ಕೈಗಿಟ್ಟರು. "ತಿನ್ನು. ಒಟ್ಟೆ ಕಾಲಿ ಇದ್ರೆ ಅದು ತಲೇನೇ ತಿಂತದೆ."

ರೊಟ್ಟಿಯ ಜೊತೆಗೆ ಅಳುವೂ ಬಂತು, ಎಲ್ಲವನ್ನೂ ಹೇಳಿಬಿಟ್ಟೆ. ಆ ವಾರವೇ ಅವರು ಮನೆಗೆ ಬಂದು ಅಮ್ಮನಿಗೆ ಹೇಳಿದರು: "ಊಟ, ಆಟ ನಾನ್ ನೋಡ್ಕಂತೀನಿ. ಅದ್ರಲ್ಲೇ ಎಲ್ಲಾ ವಾಸಿ ಆಯ್ತದೆ ಅನ್ನಲ್ಲ ಕಣಮ್ಮ. ಡಾಕ್ಟ್ರತ್ರಾನೂ ಓಗಾಣ, ನಾನೂ ಬತ್ತೀನಿ." ಬಂದರು ಕೂಡ.

ಗುರುವಾರ ಗಣಿತದ ಪಾಠ ನಡೆಯುತ್ತಿದ್ದಾಗ ಬಾಗಿಲಲ್ಲಿ ನಿಂತು, "ಸಾರ್, ಈ ಪೀರಿಯಡ್ ನಂದು" ಎಂದರು. ಗದ್ದಲ ಕೇಳಿ ಮುಖ್ಯೋಪಾಧ್ಯಾಯರು ಧಾವಿಸಿದರು.

"ಪರೀಕ್ಷೆ ಮುಗಿದ್ಮೇಲೆ ಆಡ್ಲಿ ಬಿಡಿ ಮೇಡಂ."

"ಉಸಿರಾಡೋದೂ ಪರೀಕ್ಷೆ ಮುಗಿದ್ಮೇಲೇನಾ ಸಾರ್?"

"ರಿಸಲ್ಟ್ ಬಿದ್ರೆ ಯಾರು ಜವಾಬ್ದಾರಿ?"

"ರಿಸಲ್ಟ್ ಬಿದ್ರೆ ನಾನು. ಮಕ್ಳು ಬಿದ್ರೆ ಯಾರು? ಯೋಳಿ ಸಾರ್."

ಮುಖ್ಯೋಪಾಧ್ಯಾಯರು ಬಾಗಿಲು ಬಿಟ್ಟು ಸರಿದರು. ನಾವು ಮೈದಾನಕ್ಕಿಳಿದೆವು. ಒಂದು ಸುತ್ತೂ ಓಡಲಾರದೆ ನಾನು ಸೊಂಟ ಹಿಡಿದು ನಿಂತೆ. "ಓಡಾಕಾಗ್ದಿದ್ರೆ ನಡಿಯೇ, ನಿಂತ್ಕಬೇಡ!" ಎಂದು ಆ ತುದಿಯಿಂದ ಕೂಗಿದರು. ಪವಾಡವೇನೂ ಆಗಲಿಲ್ಲ. ಆದರೆ ನಿದ್ದೆ ಮರಳಿತು, ಹಸಿವು ಮರಳಿತು, ಎದೆಯ ಬಡಿತ ನಿಧಾನವಾಗಿ ಹದಕ್ಕೆ ಬಂತು. ಅಂತಿಮ ಪರೀಕ್ಷೆಯಲ್ಲಿ ಹಾಳೆ ಖಾಲಿ ಉಳಿಯಲಿಲ್ಲ.

ಮೇಡಂ ನಿವೃತ್ತರಾದರು, ಅವರ ಹುದ್ದೆ ಇಂದಿಗೂ ಖಾಲಿ. ಹದಿಹರೆಯದವರ ಮಾನಸಿಕ ಆರೋಗ್ಯದ ಬಗ್ಗೆ ವಿಶ್ವವಿದ್ಯಾಲಯದಲ್ಲಿ ಎಷ್ಟೋ ಭಾಷಣ ಕೇಳಿದ್ದೇನೆ. ವೇದಿಕೆಯ ಮೇಲೆ ಕಳವಳಪಡುವವರೇ ಮೈದಾನಕ್ಕೆ ಬೀಗ ಜಡಿಯುವುದನ್ನೂ ಕಂಡಿದ್ದೇನೆ. ಈಗ ನನ್ನ ತಂಗಿ ಅದೇ ಶಾಲೆಯ ಹತ್ತನೆಯ ತರಗತಿಯಲ್ಲಿದ್ದಾಳೆ. ಅದೇ ಗುರುವಾರ, ಅದೇ ಗಣಿತ. ಕಳೆದ ತಿಂಗಳ ಪೋಷಕರ ಸಭೆಯಲ್ಲಿ ಎದ್ದು ನಿಂತು ಮೇಡಂ ಕೇಳಿದ್ದನ್ನೇ ಕೇಳಿದೆ: ಮಕ್ಕಳು ಬಿದ್ದರೆ ಯಾರು ಜವಾಬ್ದಾರಿ? ಉತ್ತರ ಬರುವ ತನಕ ಕೂರುವುದಿಲ್ಲವೆಂದೆ. ಹಿಂದಿನ ಬೆಂಚಿನ ತಾಯಂದಿರೂ ಒಬ್ಬೊಬ್ಬರಾಗಿ ಎದ್ದರು. ಈ ಗುರುವಾರ ಮೈದಾನದ ಬೀಗ ತೆರೆಯಿತು.

ಸಂಜೆ ಮೇಡಂಗೆ ಫೋನ್ ಮಾಡಿ, ಗೆದ್ದ ಕಥೆಯನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಪೂರ್ತಿ ಕೇಳಿಸಿಕೊಂಡರು.

"ಬೋ ಸಂತೋಸ ಕಣೇ. ಅದಿರ್ಲಿ, ನಿನ್ ತಂಗಿ ಬೆಳಿಗ್ಗೆ ಏನ್ ತಿಂದ್ಲು?"

ನನಗೆ ಗೊತ್ತಿರಲಿಲ್ಲ. ಫೋನ್ ಕಿವಿಯಲ್ಲಿಟ್ಟುಕೊಂಡೇ ಎದ್ದು, ತಂಗಿಯನ್ನು ಕೇಳಲು ಒಳಗೆ ಹೋದೆ.