ಖಣಿಯ ನೀರಿನಲ್ಲಿ ಕಾಕಾನ ಅಂಗೈ

ಕಾಕಾನ ಎಡಗೈ ನಡುಗುವುದನ್ನು ನಾನು ಮೊದಲು ಕಂಡದ್ದು ಲಿಂಗಪೂಜೆಯ ಹೊತ್ತಿನಲ್ಲಿ. ಎಡ ಅಂಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು ಅದನ್ನೇ ದಿಟ್ಟಿಸಬೇಕು. ಆತನ ಅಂಗೈ ಜರಡಿ ಹಿಡಿದಂತೆ ಅಲುಗುತ್ತಿತ್ತು. ಪಾರ್ಕಿನ್ಸನ್ ಕಾಯಿಲೆ ಎಂದು ಗೊತ್ತಾದ ಮೇಲೆ ಆತನ ಹೆಂಡತಿ ಕಾಕು ಕೆಳಗಿನಿಂದ ತನ್ನ ಕೈ ಆನಿಸತೊಡಗಿದಳು. ಗುಳಿಗೆ ನುಂಗುವುದಕ್ಕೆ, ಅಂಗಿಯ ಗುಂಡಿ ಹಾಕಿಸಿಕೊಳ್ಳುವುದಕ್ಕೆ ಕಾಕಾ ಬೇಸರಪಡಲಿಲ್ಲ. ಇದೊಂದು ಮಾತ್ರ ಆತನಿಗೆ ಸಹಿಸಲಾಗಲಿಲ್ಲ.

"ಒಂದ್ ಸಲ ನನ್ನ ಕೈಯಾಗ ನಾನೇ ಹಿಡೀಬೇಕವಾ."

ಜಹೀರಾಬಾದಿನ ಡಾಕ್ಟರು ನೀರಿನಲ್ಲಿ ವ್ಯಾಯಾಮ ಒಳ್ಳೆಯದು ಎಂದರು. ಎದೆಮಟ್ಟದ ನೀರು ಸಾಕು, ಪಕ್ಕದಲ್ಲೇ ಒಬ್ಬರಿರಬೇಕು, ಆಳಕ್ಕೆ ಹೋಗಕೂಡದು ಎಂದೂ ಹೇಳಿದರು. ಕಾಕಾ ಕೇಳಿಸಿಕೊಂಡಿದ್ದು ಮೊದಲ ಮಾತನ್ನಷ್ಟೇ. ತಾಂಡೂರಿನಲ್ಲಿ ಅವರ ಮನೆಯ ಹಿಂದಿನ ಬಯಲಿನಲ್ಲಿ ಕೆಲಸ ನಿಂತುಹೋದ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಯೊಂದಿದೆ. ಮಳೆನೀರು ತುಂಬಿ ಹಸಿರಾಗಿದೆ. ಹರೆಯದಲ್ಲಿ ಆತ ಈಜಿದ್ದು ಅಲ್ಲೇ.

"ಈಜು ಬರ್ತಿತ್ತು ಅನ್ನೋದು ಈಗ ಬರ್ತದ ಅನ್ನೋದಕ್ಕ ಪುರಾವೆ ಅಲ್ಲ ಕಾಕಾ," ಎಂದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಯಾವ ಪಕ್ಷ ಕೊಟ್ಟರೂ ಗೆದ್ದವಳು ನಾನು.

"ಮೀನ ಈಜು ಮರೀತದೇನು ವಕೀಲಮ್ಮ?"

"ನೀ ಮೀನಲ್ಲ."

"ಇಬ್ರೂ ಬಾಯಿ ಮುಚ್ರಿ," ಎಂದಳು ಕಾಕು. "ಹಗ್ಗ ತರ್ತೀನಿ. ನಡಕ್ಕ ಕಟ್ಟೇ ಇಳಿಸೋದು."

"ಎಮ್ಮಿಗೆ ಕಟ್ಟಿದಂಗ ಕಟ್ತೀಯೇನು?"

"ಎಮ್ಮಿಗರೆ ಈಜು ಬರ್ತದ್ರಿ."

ಇಳಿಮಧ್ಯಾಹ್ನ ಹೋದೆವು. ಕಾಕು ಆತನ ನಡುವಿಗೆ ಹಗ್ಗ ಕಟ್ಟಿದಳು, ಇನ್ನೊಂದು ತುದಿ ನಾನು ಹಿಡಿದೆ. ಖಣಿಯ ಗೋಡೆಗಳು ನೆಟ್ಟಗೆ, ಕತ್ತರಿಸಿದ ಹಾಗೆ. ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಕಾಯಿಲೆ ಬಂದಾಗಿನಿಂದ ಕಾಕಾನ ದನಿ ಪಿಸುಮಾತಿಗೆ ಇಳಿದಿತ್ತು. ನೀರಿಗೆ ಕಾಲಿಟ್ಟು "ತಣ್ಣಗದ" ಎಂದ. ಎದುರಿನ ಗೋಡೆ ಅದನ್ನೇ ತಿರುಗಿ ಹೇಳಿತು, ಆತನ ಹಳೆಯ ಗಟ್ಟಿ ದನಿಯಲ್ಲಿ. ಪ್ರತಿಧ್ವನಿ ಮೂಲಕ್ಕಿಂತ ಜೋರಾಗಿರಲು ಸಾಧ್ಯವಿಲ್ಲ. ಅದು ನನಗೆ ಗೊತ್ತು. ಕಾಕು ಸೆರಗು ಬಿಗಿದುಕೊಂಡಳು.

"ಕೇಳಿದೇನ? ಅವ್ರ ಮೊದಲಿನ ದನಿ ಇಲ್ಲೇ ಕುಂತದ."

ಎದೆಮಟ್ಟದ ನೀರಿನೊಳಗಿನ ಹಾಸುಗಲ್ಲಿನ ಮೇಲೆ ನಿಂತು ಕಾಕಾ ಕೊರಳಿನ ಬೆಳ್ಳಿ ಕರಡಿಗೆ ತೆರೆದ, ಲಿಂಗವನ್ನು ಅಂಗೈಗೆ ತಂದ. ಕೈ ಅಲುಗಲಿಲ್ಲ. ಲಿಂಗವೂ ಅಲುಗಲಿಲ್ಲ. ನಾವು ಮಾತಾಡಲಿಲ್ಲ, ಮಾತಾಡಿದರೆ ಗೋಡೆ ಉತ್ತರಿಸುತ್ತದೆ ಎಂಬ ಅಂಜಿಕೆ.

ಆಮೇಲೆ ಆತ ಲಿಂಗವನ್ನು ಕರಡಿಗೆಗೆ ಮರಳಿಸಬೇಕಿತ್ತು. ಮರಳಿಸಲಿಲ್ಲ. ಮುಷ್ಟಿಯಲ್ಲೇ ಹಿಡಿದು ಈಜಲು ಮುಂದಿನ ಆಳಕ್ಕೆ ಜಾರಿಬಿಟ್ಟ.

ಬಲಗೈ ಒಮ್ಮೆ ನೀರು ಸರಿಸಿತು, ಅಷ್ಟೇ. ಮೆಟ್ಟಿಲು ಇಳಿಯುವವನಂತೆ ನಿಂತ ಹಾಗೆಯೇ ಕೆಳಗಿಳಿದ. ಬಡಿದಾಟವಿಲ್ಲ, ಕೂಗಿಲ್ಲ. ಹಸಿರಿನೊಳಗಿಂದ ಕಣ್ಣು ತೆರೆದೇ ನಮ್ಮನ್ನು ನೋಡುತ್ತಿದ್ದ. ಮುಖ ಮನೆಯಲ್ಲಿ ಇರುವಂತೆಯೇ ಇತ್ತು. ಕಾಯಿಲೆ ಅದರಿಂದ ನಗುವನ್ನೂ ಭಯವನ್ನೂ ಎಂದೋ ಒರೆಸಿಹಾಕಿತ್ತು.

"ಆಟ ಆಡ್ಲಿಕತ್ತಾರ," ಎಂದಳು ಕಾಕು.

ನಾನು ಹಗ್ಗ ಎಳೆದೆ. ಕ್ಷಣದಲ್ಲೇ ಅವಳೂ ಎಳೆದಳು.

ಹಾಸುಗಲ್ಲಿನ ಮೇಲೆ ಕೆಮ್ಮಿ ಕೆಮ್ಮಿ ನೀರು ಕಕ್ಕಿದ. ಎಡ ಮುಷ್ಟಿ ಇನ್ನೂ ಬಿಗಿದೇ ಇತ್ತು.

"ಎರಡೂ ಕೈ ಯಾಕ ಆಡಿಸಲಿಲ್ಲ?" ಎಂದು ಚೀರಿದೆ.

"ಮುಷ್ಟಿ ಬಿಟ್ರ ಲಿಂಗ ಹೋಗ್ತಿತ್ತು."

"ಮತ್ತ ಜೀವ?"

"ಅದನ್ನ ನೀ ಹಿಡ್ದಿದ್ದಿಯಲ್ಲ." ಬಲಗೈಯಿಂದ ಮೊಣಕಾಲು ಒತ್ತಿಕೊಳ್ಳುತ್ತ, "ಕಾಲಿಗೆ ಈಜು ಮರ್ತಹೋಗ್ಯದವಾ," ಎಂದ.

ಈಗ ಈಜಿನ ಮಾತಿಲ್ಲ. ರಜೆಗೆ ನಾನು ತಾಂಡೂರಿಗೆ ಹೋದಾಗ ಖಣಿಗೆ ಇಳಿಯುತ್ತೇವೆ. ಕರಡಿಗೆ ಮುಚ್ಚಿಕೊಂಡು ಆತ ಹಾಸುಗಲ್ಲಿನ ಮೇಲೆ ನೀರಿನಲ್ಲಿ ನಡೆಯುತ್ತಾನೆ, ಕಾಕು ಪಕ್ಕದಲ್ಲೇ. ಕೊನೆಗೆ ನಿಂತು ಲಿಂಗ ಹಿಡಿಯುತ್ತಾನೆ. ಅಂಗೈ ಕಲ್ಲಿನ ಹಾಗೆ ನಿಲ್ಲುತ್ತದೆ.

ಆದರೆ ಹಗ್ಗದ ಈ ತುದಿ ನನ್ನ ಕೈಯಲ್ಲಿರುತ್ತದೆ. ಅದರೊಳಗಿಂದ ನಡುಕ ಬರುತ್ತದೆ, ಸಣ್ಣಗೆ, ಬಿಡದೆ. ಅದು ಎಲ್ಲಿಗೂ ಹೋಗಿಲ್ಲ. ನೀರಿನ ಕೆಳಗೆ ಇಳಿದು ನಿಂತು ಕಾಯುತ್ತಿದೆ. ನನ್ನ ಕೈಯಲ್ಲಿ ಒಳ್ಳೆಯ ವಾದವಿದೆ, ಪುರಾವೆ ಸಮೇತ.

"ಏನಂತೀ ವಕೀಲಮ್ಮ, ನಿಂತದಿಲ್ಲೋ?" ಎನ್ನುತ್ತಾನೆ ಕಾಕಾ. ಗೋಡೆಯೂ ಕೇಳುತ್ತದೆ, ಆತನಿಗಿಂತ ಗಟ್ಟಿಯಾಗಿ.

ಆತ ಕೇಳಿದ್ದು ಅಂಗೈಯ ಬಗ್ಗೆ ಮಾತ್ರ. "ನಿಂತದ ಕಾಕಾ," ಎನ್ನುತ್ತೇನೆ, ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತಾ.